ಕೌದಿ ಕಟ್ಟಿದ ಕೋಣೆ

ದಾಂಡೇಲಿ
೧೬ ಆಗಸ್ಟ್ ೧೯೯೮

ಪ್ರೀತಿಯ ತುಳಜಾ,

ನಿನ್ನ ಪತ್ರ ಜೂನ್‌ನಲ್ಲೇ ಬಂದಿತ್ತು. ಉತ್ತರ ಬರೆಯಲು ಕೂತಾಗಲೆಲ್ಲ ತೊಟ್ಟಿಲಲ್ಲಿ ಗಂಗಾ ಎದ್ದಳು, ಅವಳು ಮಲಗಿದಾಗ ನಾನು ಪೆನ್ನು ಹಿಡಿದೇ ತೂಕಡಿಸಿದೆ. ನೀನು ಬೈದುಕೊಂಡಿರುತ್ತೀ, ಬೈದುಕೋ. ಹಾಸ್ಟೆಲಿನಲ್ಲಿ ನೀನು ನಿಮ್ಮ ಮುಂಡಗೋಡದ ತಾಂಡಾದ ಭಾಷೆಯಲ್ಲಿ ಬೈಯುವಾಗ ಒಂದು ಅಕ್ಷರ ಅರ್ಥವಾಗದಿದ್ದರೂ ನನಗೆ ನಗು ಬರುತ್ತಿತ್ತು. ಈಗ ಆ ಬೈಗುಳಕ್ಕೂ ಹಸಿದಿದ್ದೇನೆ.

ಮನೆಯಲ್ಲಿ ಎಲ್ಲರೂ ಆರಾಮ. ಮಾವ ಮಿಲ್ಲಿನಿಂದ ನಿವೃತ್ತರಾಗಿ ಎರಡು ವರ್ಷವಾದರೂ ಬೆಳಗಿನ ಪಾಳಿಗೆ ಕರೆಯುವ ಭೋಂಗಾ ಕೂಗಿದ ಕೂಡಲೇ ಎದ್ದು ಚಪ್ಪಲಿ ಹುಡುಕುತ್ತಾರೆ, ಆಮೇಲೆ ನೆನಪಾಗಿ ಚಹಾ ಕೇಳುತ್ತಾರೆ. ನಮ್ಮ ಯಜಮಾನರಿಗೆ ವರ್ಕ್‌ಶಾಪಿನಲ್ಲಿ ಈ ತಿಂಗಳು ಹಗಲು ಪಾಳಿ. ಅತ್ತೆ ಹೊಸದೊಂದು ಕೌದಿ ಹೊಲಿಯುತ್ತಿದ್ದಾರೆ, ನನ್ನ ಕಾಲೇಜಿನ ಎರಡು ಚೂಡಿದಾರ ಅದರೊಳಗೆ ಸೇರಿಹೋದವು. ಕೇಳದೆ ಕತ್ತರಿಸಿದರು. ಕೇಳಿದ್ದರೆ ನಾನು ಕೊಡುತ್ತಿರಲಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಮೊದಲು ನಿನ್ನ ಪ್ರಶ್ನೆಗೆ ಉತ್ತರ. ನಮ್ಮ ಲ್ಯಾಬಿನ ಗಾಳಿ ಸುರಂಗದಲ್ಲಿ ವಿಮಾನದ ರೆಕ್ಕೆಯ ಮಾದರಿ ಇಲ್ಲದಾಗಲೂ ಗುಂಯ್ ಎನ್ನುತ್ತದೆ, ಗಾಳಿಯ ವೇಗ ಏರಿಸಿದರೆ ಸದ್ದು ಕೀಚಲಾಗಿ ಸಣ್ಣ ಕಂಠಕ್ಕೆ ಏರುತ್ತದೆ ಎಂದಿದ್ದೀ. ಹಾಗಾದರೆ ಫ್ಯಾನಿನ ಮೇಲೆ ಸಂಶಯ ಪಡಬೇಡ. ಫ್ಯಾನಿಗೂ ಸದ್ದು ಅಳೆಯುವ ಕೋಣೆಗೂ ನಡುವೆ ನಾವು ಹಾಕಿದ ಎರಡು ತಿರುವು ಮತ್ತು ಗಾಜಿನ ಉಣ್ಣೆ ತುಂಬಿದ ಗೋಡೆ ಸಾಕು, ಆ ಲೆಕ್ಕ ನಾನೇ ಮಾಡಿದ್ದು. ಕೋಣೆ ದಾಟಿದ ಗಾಳಿಯನ್ನು ಆಚೆ ಕಡೆ ಮತ್ತೆ ಒಳಗೆ ತೆಗೆದುಕೊಳ್ಳುವ ದೊಡ್ಡ ಬಾಯಿ ಇದೆಯಲ್ಲ, ಅದರ ತಗಡಿನ ಅಂಚನ್ನು ನೋಡು. ಗಾಳಿಯ ಧಾರೆ ಆ ಅಂಚಿಗೆ ಬಡಿದು ಕೊಳಲು ಊದಿದಂತೆ ಊದುತ್ತಿರಬೇಕು. ಅಂಚನ್ನು ದುಂಡಗೆ ಮಾಡಿಸಿ ದಪ್ಪ ಫೆಲ್ಟ್ ಬಟ್ಟೆ ಹಚ್ಚಿ ನೋಡು.

ನಾನು ಬೆಂಗಳೂರಿನಲ್ಲಿ ಏನು ಮಾಡುತ್ತಿದ್ದೆ ಎಂದು ಅತ್ತೆ ಮದುವೆಯಾದ ಹೊಸದರಲ್ಲಿ ಕೇಳಿದ್ದರು. ವಿಮಾನದ ರೆಕ್ಕೆಗೆ ಗಾಳಿ ತಾಗಿದಾಗ ಎಷ್ಟು ಸದ್ದಾಗುತ್ತದೆ ಎಂದು ಅಳೆಯುತ್ತಿದ್ದೆವು, ಅದಕ್ಕೆ ಗಾಳಿ ಬೀಸುವ ಯಂತ್ರ ತಾನು ಸದ್ದು ಮಾಡಬಾರದು, ಕೋಣೆಯ ಗೋಡೆ ಸದ್ದನ್ನು ಹಿಂದಕ್ಕೆ ಕಳಿಸಬಾರದು, ಆದ್ದರಿಂದ ಗೋಡೆಗೆಲ್ಲ ಸ್ಪಂಜಿನ ಮೊನೆಗಳನ್ನು ಹಚ್ಚಿರುತ್ತೇವೆ ಎಂದು ವಿವರಿಸಿದೆ. ಅವರು ಸೂಜಿಗೆ ದಾರ ಪೋಣಿಸುತ್ತ ಕೇಳಿ, "ಗಾಳಿ ಬಿಡೂದು, ಆದ್ರ ಸಪ್ಪಳ ಆಗಬಾರದು. ಕಳ್ಳರ ಕೆಲಸ ಇದ್ದಂಗ ಐತಿ" ಅಂದರು. ಮಾವ ಇಡೀ ದಿನ ನಕ್ಕರು.

ತುಳಜಾ, ಇಷ್ಟು ಹೊತ್ತು ಸುತ್ತಿ ಬಳಸಿ ಬರೆದೆ. ಈಗ ಹೇಳಿಬಿಡುತ್ತೇನೆ. ಗಂಗಾಳಿಗೆ ಕಿವಿ ಕೇಳುವುದಿಲ್ಲ ಎಂದು ನನಗೆ ಅನುಮಾನ.

ಶುರುವಾದದ್ದು ಭೋಂಗಾದಿಂದ. ಮಿಲ್ಲಿನ ಭೋಂಗಾ ಕೂಗಿದರೆ ನಮ್ಮ ಕ್ವಾರ್ಟರ್ಸಿನ ಕಿಟಕಿಯ ಗಾಜು ನಡುಗುತ್ತದೆ. ಗಂಗಾ ಮಲಗಿದವಳು ರೆಪ್ಪೆ ಅಲುಗಿಸುವುದಿಲ್ಲ. ಅತ್ತೆಗೆ ಹೇಳಿದೆ. ಹೊಟ್ಟೆಯೊಳಗಿದ್ದಾಗಿನಿಂದ ಕೇಳಿದ್ದಾಳೆ, ರೂಢಿಯಾಗಿದೆ, ಸಣ್ಣವನಿದ್ದಾಗ ನನ್ನ ಮಗ ಜ್ಯೋತಿಬಾನೂ ಹಾಗೇ ಮಲಗುತ್ತಿದ್ದ ಎಂದರು. ಓಣಿಯ ಯಾವ ತಾಯಿಯನ್ನು ಕೇಳಿದರೂ ಅದೇ ಮಾತು. ಮಿಲ್ಲಿನ ಊರಿನ ಮಕ್ಕಳು ಭೋಂಗಾಕ್ಕೆ ಏಳುವುದಿಲ್ಲವಂತೆ. ನಿಜವೂ ಇರಬಹುದು. ಅಂದಿನಿಂದ ನನಗೆ ನಿದ್ದೆ ಇಲ್ಲ. ಕುಕ್ಕರ್ ಸೀಟಿ ಹೊಡೆದರೆ ಒಲೆಯನ್ನು ಬಿಟ್ಟು ತೊಟ್ಟಿಲು ನೋಡುತ್ತೇನೆ. ನಾಯಿ ಬೊಗಳಿದರೆ ತೊಟ್ಟಿಲು ನೋಡುತ್ತೇನೆ.

ನನ್ನ ಕಾಟ ತಾಳದೆ ಕಳೆದ ವಾರ ಅತ್ತೆ ಮೊರ ತಂದರು. ಅವರ ತವರಿನ ಕಡೆ ಇದೊಂದು ರೂಢಿಯಂತೆ. ಕೂಸಿನ ಬೆನ್ನ ಹಿಂದೆ ಕೂತು ಅಕ್ಕಿ ಕೇರುವ ಮೊರವನ್ನು ಅಂಗೈಯಿಂದ ಪಟ್ಟನೆ ಬಡಿಯುತ್ತಾರೆ, ಕೂಸು ತಿರುಗಿದರೆ ಕಿವಿ ಶುದ್ಧ. ಗಂಗಾಳನ್ನು ನಡುಮನೆಯಲ್ಲಿ ಕೂರಿಸಿ ಬಡಿದರು. ಗಂಗಾ ತಿರುಗಿ ನೋಡಿದಳು. ಮತ್ತೆ ಬಡಿದರು, ಮತ್ತೆ ತಿರುಗಿ ಅಜ್ಜಿಯ ಮುಖ ಕಂಡು ಕೇಕೆ ಹಾಕಿದಳು. ಮಾವ, "ನೋಡವಾ, ನಮ್ಮ ಸಣ್ಣವ್ವ ಪಾಸಾದ್ಲು" ಅಂದರು. ಯಜಮಾನರು ಅಷ್ಟು ದಿನ ಬಿಗಿ ಹಿಡಿದಿದ್ದ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ನಾನೂ ಅತ್ತೆಯ ಕೈ ಹಿಡಿದು ಅತ್ತುಬಿಟ್ಟೆ.

ಮೂರನೆಯ ಸಲ ಬಡಿಯುವಾಗ ನಾನು ಗಂಗಾಳ ಹಿಂದೆ ಇದ್ದೆ. ಅವಳ ಕುತ್ತಿಗೆಯ ಮೇಲೆ ಈಗಷ್ಟೇ ಬೆಳೆಯುತ್ತಿರುವ ನವಿರಾದ ಕೂದಲಿದೆ. ಮೊರ ಬಡಿದಾಗ ಆ ಕೂದಲು ಹಾರಿತು. ಆಮೇಲೆ ಅವಳು ತಿರುಗಿದಳು.

ನಿನಗೆ ನೆನಪಾಗಿರಬೇಕು. ಮಾದರಿಯ ರೆಕ್ಕೆಗೆ ನಾವು ದಾರದ ತುಂಡು ಅಂಟಿಸಿ ಗಾಳಿ ಎತ್ತ ಹರಿಯುತ್ತದೆ ಎಂದು ನೋಡುತ್ತಿದ್ದೆವಲ್ಲ, ಥೇಟ್ ಹಾಗೆ. ಮೊರ ಇರುವುದೇ ಗಾಳಿ ಬೀಸಿ ಹೊಟ್ಟು ಹಾರಿಸಲು. ಅವಳು ತಿರುಗಿದ್ದು ಸದ್ದಿಗೋ, ಕುತ್ತಿಗೆಗೆ ತಾಗಿದ ಗಾಳಿಗೋ? ನಮ್ಮ ಮೊದಲ ವರ್ಷದ ಫಜೀತಿ ನೆನಪಾಯಿತು. ಮೈಕನ್ನು ಗಾಳಿಯ ಧಾರೆಯೊಳಗೇ ಇಟ್ಟು ಭಾರಿ ಸದ್ದು ಸಿಕ್ಕಿತೆಂದು ಕುಣಿದಿದ್ದೆವು. ಅಡಿವೆಯ್ಯ ಸರ್ ಗ್ರಾಫ್ ನೋಡಿ ಬೈಯಲೂ ಇಲ್ಲ. "ಇದು ಸಪ್ಪಳ ಅಲ್ರವಾ, ಮೈಕಿಗೆ ಗಾಳಿ ಹೊಡದದ್ದು. ಅದನ್ನ ಗಾಳಿಯಿಂದ ಒಂದು ಹೆಜ್ಜಿ ಆಚಿ ಇಡ್ರಿ" ಅಂದರು. ಇಟ್ಟೆವು. ನಮ್ಮ ಭಾರಿ ಸದ್ದು ಕಾಣೆಯಾಯಿತು.

ಇದನ್ನು ಮನೆಯಲ್ಲಿ ಹೇಳಿದೆ, ಹುಬ್ಬಳ್ಳಿಯ ಕಿವಿ ಡಾಕ್ಟರಿಗೆ ತೋರಿಸೋಣ ಎಂದೆ. ಅತ್ತೆಗೆ ಸಿಟ್ಟು ಬಂತು. "ಗಾಳಿ ಅಳ್ಯಾಕ ಕಲ್ತಾಕಿ, ಈಗ ಕೂಸಿನ ಕಿವಿ ಅಳ್ಯಾಕ ನಿಂತಾಳ. ಹೆಣ್ಣ ಕೂಸಿಗೆ ಇಲ್ಲದ ಹೆಸರು ಹಚ್ಚಬ್ಯಾಡ." ಎರಡು ವರ್ಷ ತುಂಬಲಿ, ಮಾತು ಬರದಿದ್ದರೆ ಆಗ ನೋಡಿದರಾಯಿತು, ಉಳವಿಯ ದೇವರಿಗೆ ಬೇಡಿಕೊಂಡಿದ್ದೇನೆ ಎಂದರು. ಇವರು ತಾಯಿಯ ಮುಖವನ್ನೂ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ, ಸೈಕಲ್ ಒರೆಸಲು ಹೋದರು. ಆದರೆ ತುಳಜಾ, ಎರಡು ವರ್ಷ ಕಾಯುವಂತಿಲ್ಲ. ಮಾತು ಕಿವಿಯಿಂದ ಒಳಗೆ ಹೋಗಬೇಕಾದ ಕಾಲ ಇದೇ. ಅಷ್ಟು ನಾನು ಓದಿದ್ದೇನೆ. ಅವಳಿಗೀಗ ಎಂಟು ತಿಂಗಳು.

ಬಾಣಂತಿಯ ತಲೆ ಕೆಟ್ಟಿದೆ ಎಂದು ಓಣಿಯಲ್ಲಿ ಮಾತಾಗಿದೆ. ಕೆಟ್ಟಿದೆಯೋ ಇಲ್ಲವೋ ನೀನು ಹೇಳು. ನನ್ನ ಜೊತೆ ಕೂತು ತಪ್ಪು ಅಳೆದವಳು ನೀನೊಬ್ಬಳೇ.

ನಿನ್ನ
ಸಹನಾ

*

ದಾಂಡೇಲಿ
೧೧ ಅಕ್ಟೋಬರ್ ೧೯೯೮

ಪ್ರೀತಿಯ ತುಳಜಾ,

ಈ ಸಲವೂ ತಡವಾಯಿತು, ಕ್ಷಮಿಸು. ನಿನ್ನ ಕಾಗದ ಬಂದ ದಿನವೇ ಉತ್ತರ ಬರೆಯಬಹುದಿತ್ತು, ಆದರೆ ಏನೆಂದು ಬರೆಯುವುದು ಎಂಬುದು ಅಂದು ಗೊತ್ತಿರಲಿಲ್ಲ. ಅಂಚಿಗೆ ಫೆಲ್ಟ್ ಹಚ್ಚಿದ ಮೇಲೆ ಸುರಂಗ ಸುಮ್ಮನಾಯಿತೆಂದು ಬರೆದಿದ್ದೀ. ಓದಿ ನನ್ನ ಕೈಯೇ ಅದನ್ನು ಹಚ್ಚಿ ಬಂದಷ್ಟು ಸಂತೋಷವಾಯಿತು. ಅತ್ತೆಗೂ ಓದಿ ಹೇಳಿದೆ. ಅವರು ಏನು ಕೇಳಿದರೆಂದು ಕೊನೆಯಲ್ಲಿ ಬರೆಯುತ್ತೇನೆ.

ನಿನ್ನ ಕಾಗದದಲ್ಲಿ ಸಮಾಧಾನದ ಒಂದು ಮಾತೂ ಇರಲಿಲ್ಲ. "ಮೊದಲು ಖಾಲಿ ಓಟ ಓಡಿಸು, ಆಮೇಲೆ ಅಳು" ಎಂದಷ್ಟೇ ಬರೆದಿದ್ದೀ. ನನಗೆ ಬೇಕಾಗಿದ್ದುದು ಅದೇ.

ಖಾಲಿ ಓಟ ಓಡಿಸಿದೆ. ಮಾದರಿ ಇಲ್ಲದೆ ಸುರಂಗ ಓಡಿಸಿ ಬರಿಯ ಕೋಣೆಯ ಸದ್ದು ಎಷ್ಟೆಂದು ನೋಡುತ್ತಿದ್ದೆವಲ್ಲ, ಹಾಗೆಯೇ ಯಾವ ಸದ್ದೂ ಮಾಡದೆ ಗಂಗಾಳ ಹಿಂದೆ ಸುಮ್ಮನೆ ಕೂತೆ. ಸುಮ್ಮನಿದ್ದಾಗಲೂ ಅವಳು ಆಗಾಗ ತಾನೇ ತಿರುಗುತ್ತಾಳೆ. ನೊಣ ಕಂಡರೆ, ನೆರಳು ಬಿದ್ದರೆ, ಏನೂ ಇಲ್ಲದಿದ್ದರೂ. ನಾವು ಸದ್ದು ಮಾಡಿ, ಅವಳು ತಿರುಗಿ, ಹಿಗ್ಗಿದ ಎಷ್ಟೋ ಸಲ ಅವಳು ಸುಮ್ಮನೇ ತಿರುಗಿರಬಹುದು. ಇದನ್ನು ಇವರಿಗೆ ತೋರಿಸಿ, ಗೋಡೆಗೆ ದಪ್ಪ ಬಟ್ಟೆ ಕಟ್ಟಿದ ಕೋಣೆಯಲ್ಲೇ ಸರಿಯಾಗಿ ಪರೀಕ್ಷಿಸಬೇಕು ಎಂದೆ. ಇವರು ಕೂಸನ್ನೇ ಬಹಳ ಹೊತ್ತು ನೋಡಿದರು. "ಕೋಣಿ ಯಾವುದು ಬೇಕು ಹೇಳು. ಮೊಳಿ ನಾ ಹೊಡೀತೇನಿ" ಅಂದರು. ಅಷ್ಟು ದಿನ ಸೈಕಲ್ ಒರೆಸುತ್ತಿದ್ದವರು.

ಕೋಣೆ ಎಂದರೆ ನಮ್ಮ ಮನೆಯಲ್ಲಿ ಒಳಗಿನದೊಂದೇ. ಮಿಲ್ಲಿನ ಗುಂಗು, ಬಸ್ಸಿನ ಹಾರ್ನು ಎಲ್ಲ ಗೋಡೆಗೆ ಬಡಿದು ಒಳಗೇ ಸುತ್ತುತ್ತದೆ. ಸ್ಪಂಜಿನ ಮೊನೆಗೆ ನಾನೆಲ್ಲಿ ಹೋಗಲಿ? ಟ್ರಂಕಿನಿಂದ ಕೌದಿಗಳನ್ನು ತೆಗೆದೆ. ಅತ್ತೆ ಹೊಲಿದವು, ಅವರ ತಾಯಿ ಹೊಲಿದವು, ಹಳಿಯಾಳದಿಂದ ನಮ್ಮವ್ವ ಬಾಣಂತನಕ್ಕೆ ಕಳಿಸಿದ್ದು. ಒಂದೊಂದರಲ್ಲೂ ಹಳೆಯ ಸೀರೆ, ಧೋತರ ಎಷ್ಟು ಪದರ ಇರುತ್ತವೆ ನಿನಗೆ ಗೊತ್ತು. ಗೋಡೆಗೆ, ಕಿಟಕಿಗೆ, ಬಾಗಿಲಿಗೆ ಕಟ್ಟಿದೆವು. ನೆಲಕ್ಕೆ ಗಾದಿ ಹಾಸಿದೆವು, ನೆಲದ ನಡುಕ ಅವಳ ಮೈಗೆ ಹೋಗಬಾರದೆಂದು. ಮೂಲೆಯಲ್ಲಿ ಒಂದು ಜೋಡು ಕೌದಿ ಅಡ್ಡ ಕಟ್ಟಿದೆ. ನಾನು ಅದರ ಹಿಂದೆ ನಿಂತು ಸದ್ದು ಮಾಡಬೇಕು, ಗಾಳಿಯೂ ನೆರಳೂ ಅವಳನ್ನು ಮುಟ್ಟಬಾರದು. ಅತ್ತೆ ಬಾಗಿಲಲ್ಲಿ ನಿಂತು, ತಮ್ಮವ್ವನ ಕೌದಿಗೆ ಮೊಳೆ ಹೊಡೆದರು ಎಂದು ಗೊಣಗಿದರು. ಒಳಗೆ ಬಂದು ಮಾತಾಡಿದಾಗ ತಮ್ಮ ದನಿಯೇ ಗಂಟಲಲ್ಲಿ ನಿಂತುಬಿಟ್ಟಂತಾಗಿ ಗೊಣಗುವುದನ್ನು ನಿಲ್ಲಿಸಿದರು. ಬೆಂಗಳೂರಿನ ನಮ್ಮ ಕೋಣೆಗೆ ಮೊದಲ ದಿನ ಕಾಲಿಟ್ಟಾಗ ನೀನು ಕಿವಿ ಮುಟ್ಟಿ ನೋಡಿಕೊಂಡಿದ್ದೆಯಲ್ಲ, ಅವರೂ ಹಾಗೇ ಮುಟ್ಟಿ ನೋಡಿಕೊಂಡರು.

ಗಂಗಾ ಯಾರ ತೊಡೆಯ ಮೇಲಾದರೂ ಕೂರಬೇಕಿತ್ತು. ನಾನೇ ಕೂರುತ್ತೇನೆ, ಇಲ್ಲದಿದ್ದರೆ ನೀನು ನಿನಗೆ ಬೇಕಾದ್ದನ್ನೇ ನೋಡುತ್ತೀ ಎಂದು ಅತ್ತೆ ಹಠ ಹಿಡಿದರು. ಸೋಲಿಸಲೆಂದೇ ಕೂತರು. ಮಾವ ಎದುರಿಗೆ ಮರದ ಗಿಲಕಿ ಹಿಡಿದು ಅಲ್ಲಾಡಿಸದೆ ಬರೀ ತೋರಿಸಬೇಕು. ಇವರು ಬಾಗಿಲ ಕೌದಿಯ ಪಕ್ಕ ನಿಂತು ಮಗುವಿನ ಮುಖ ನೋಡಬೇಕು.

ಅಡ್ಡ ಕೌದಿಯ ಹಿಂದೆ ನಿಂತು ಹಿತ್ತಾಳೆಯ ತಾಟು ಬಡಿದೆ. ಗಂಗಾ ತಟ್ಟನೆ ತಲೆ ಎತ್ತಿದಳು. ಇವರು, "ಕೇಳಿಸ್ತು" ಅಂದರು. ಮಾವ ಗಿಲಕಿ ಕೆಳಗಿಟ್ಟು ಕಣ್ಣು ಒರೆಸಿಕೊಂಡರು. ನಾನು ಕೌದಿ ಸರಿಸಿ ಹೊರಗೆ ಬಂದೆ. ಗಾಳಿ ಇಲ್ಲ, ನೆರಳಿಲ್ಲ, ಅವಳು ತಲೆ ಎತ್ತಿದ್ದಾಳೆ. ನನ್ನ ಸಂಶಯವೇ ಸುಳ್ಳಾಯಿತು ಎಂದು ಎಷ್ಟು ಸುಖವಾಯಿತು ಹೇಗೆ ಹೇಳಲಿ.

ಅತ್ತೆ ಮಾತ್ರ ನಗಲಿಲ್ಲ. ಮಗುವನ್ನು ತೊಡೆಯ ಮೇಲೆ ಹಾಗೇ ಹಿಡಿದುಕೊಂಡು ಕೂತಿದ್ದರು. ಗೆದ್ದವರ ಮುಖವಾಗಿರಲಿಲ್ಲ ಅದು.

"ತಡಿ," ಅಂದರು. "ಆಕಿ ನನ್ನ ಮಾರಿ ನೋಡಿದ್ಲು. ತಾಟಿನ ಕಡೆ ಅಲ್ಲ."

ಮಾವ ಕೆಳಗಿಟ್ಟ ಗಿಲಕಿಯನ್ನು ಮತ್ತೆ ಎತ್ತಿಕೊಂಡರು.

"ನಾ ಬೆಚ್ಚಿದ್ನಲ್ಲ. ನನ್ನ ತೊಡಿ ಜಿಗೀತು. ಅದಕ್ಕ ನೋಡಿದ್ಲು." ಮಗುವಿನ ತಲೆ ಸವರಿದರು. "ಹತ್ತಿ ತಗೊಂಡ ಬಾ. ನನ್ನ ಕಿವ್ಯಾಗ ಇಡು."

ಇವರು, ಸಾಕು ಬಿಡವಾ, ಇಷ್ಟಕ್ಕೆ ನಿಲ್ಲಿಸೋಣ ಎಂದರು. ಅತ್ತೆ ಮಗನ ಕಡೆ ನೋಡಲೂ ಇಲ್ಲ. ಬತ್ತಿ ಹೊಸೆಯುವ ಹತ್ತಿಯನ್ನು ತಾವೇ ಉಂಡೆ ಮಾಡಿ ಎರಡೂ ಕಿವಿಗೆ ತುಂಬಿಕೊಂಡು, ಮೇಲೆ ಉಣ್ಣೆಯ ಶಾಲು ಸುತ್ತಿಕೊಂಡು, ಸೆರಗು ಬಿಗಿದು, ಕಣ್ಣು ಮುಚ್ಚಿ ಕೂತರು. ಮೊಮ್ಮಗಳ ಕಿವಿ ಕೇಳುತ್ತದೆಂದು ಎರಡು ತಿಂಗಳು ನನ್ನೊಡನೆ ಜಗಳವಾಡಿದವರು. ಆ ಗೆಲುವು ಕೈಗೆ ಬಂದಾಗ ತಾವೇ ಅದನ್ನು ತಳ್ಳಿದರು, ತುಳಜಾ.

ತಾಟಿನ ಸದ್ದು ಹತ್ತಿಯನ್ನು ದಾಟಿ ಅವರಿಗೆ ಕೇಳಿಸೀತು ಎಂದು ದೇವರ ಗಂಟೆ ತೆಗೆದುಕೊಂಡೆ. ಸಣ್ಣ ಕಂಠದ ಕೀಚಲು ಸದ್ದು ಬಟ್ಟೆಯ ಪದರದಲ್ಲಿ ಬೇಗ ಸಾಯುತ್ತದೆ. ನಮ್ಮ ಸ್ಪಂಜೂ ಅಂಥದ್ದನ್ನೇ ಮೊದಲು ನುಂಗುತ್ತಿತ್ತಲ್ಲ. ಅಡ್ಡ ಕೌದಿಯ ಒಂದು ಪದರ ತೆಗೆದು, ಮಗುವಿನ ಕಡೆ ಚೆನ್ನಾಗಿ ಕೇಳುವಂತೆ ಗಂಟೆಯನ್ನು ಮೇಲಕ್ಕೆ ಹಿಡಿದು ಬಾರಿಸಿದೆ. ನಿಲ್ಲಿಸಿದೆ. ಮತ್ತೆ ಬಾರಿಸಿದೆ. ಕೌದಿಯ ಸಂದಿನಿಂದ ನೋಡಿದರೆ ಗಂಗಾ ಅಜ್ಜಿಯ ಸೀರೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಬಹಳ ಶ್ರದ್ಧೆಯಿಂದ ಎಳೆಯುತ್ತಿದ್ದಳು. ಮಾವ ಗಿಲಕಿಯನ್ನು ಎದೆಗೆ ಒತ್ತಿಕೊಂಡಿದ್ದರು. ಇವರು ಗೋಡೆಯ ಕಡೆ ತಿರುಗಿ ನಿಂತಿದ್ದರು. ಮೂರನೆಯ ಸಲ ಬಾರಿಸಿ, ಗಂಟೆಯ ನಾಲಿಗೆಯನ್ನು ಬೆರಳಲ್ಲಿ ಹಿಡಿದು ನಿಲ್ಲಿಸಿ ಹೊರಗೆ ಬಂದೆ.

ಅತ್ತೆ ಕಣ್ಣು ಮುಚ್ಚಿಕೊಂಡೇ ಇದ್ದರು. ಸ್ವಲ್ಪ ಹೊತ್ತಾದ ಮೇಲೆ ದೊಡ್ಡ ದನಿಯಲ್ಲಿ, "ಬಾರಸವಾ. ಎಷ್ಟೊತ್ತು ಕುಂದರಸ್ತಿ?" ಅಂದರು.

ನಾನು ಹೋಗಿ ಅವರ ಕಿವಿಯ ಹತ್ತಿ ತೆಗೆದೆ. "ಬಾರ್ಸಿದೆನ್ರಿ ಅತ್ತಿ" ಅಂದೆ.

ಅವರು ಅಳಲಿಲ್ಲ. ತೊಡೆಯ ಮೇಲಿದ್ದವಳ ಮುಖ ನೋಡಿದರು. ಕೈಯಲ್ಲಿದ್ದ ಹತ್ತಿಯ ಉಂಡೆ ನೋಡಿದರು. ತಮಗೂ ಅವಳಿಗೂ ಒಂದೇ ಆಯಿತು ಎಂಬಂತೆ ಗಂಗಾಳ ಕಿವಿಯನ್ನು ಬೆರಳಿಂದ ಮುಟ್ಟಿ, "ನಾಳೆ ಹುಬ್ಬಳ್ಳಿಗೆ ಹೋಗೂಣು" ಅಂದರು. ಎದ್ದು ಕೌದಿಗಳನ್ನು ಒಂದೊಂದಾಗಿ ತಾವೇ ಬಿಚ್ಚಿ ಮಡಚಿದರು. ಯಾರನ್ನೂ ಮುಟ್ಟಗೊಡಲಿಲ್ಲ.

ಹುಬ್ಬಳ್ಳಿಯಲ್ಲಿ ಗಂಗಾಳಿಗೆ ಔಷಧ ಕುಡಿಸಿ ಮಲಗಿಸಿ ತಲೆಗೆ ವಯರು ಅಂಟಿಸಿದರು. ಕಿವಿಯಲ್ಲಿ ಟಿಕ್ ಟಿಕ್ ಸದ್ದು ಬಿಟ್ಟು ಪರದೆಯ ಮೇಲೆ ಗೆರೆ ನೋಡುವುದು. ಡಾಕ್ಟರು ಹೇಳುವ ಮೊದಲೇ ನನಗೆ ತಿಳಿಯಿತು, ಗೆರೆ ಓದುವುದು ನನಗೆ ಬರುತ್ತದಲ್ಲ. ಬಲಗಿವಿ ಪೂರ್ತಿ ಸಪಾಟು. ಎಡಗಿವಿಗೆ ಬಹಳ ದೊಡ್ಡ ಸದ್ದು ಬಿಟ್ಟಾಗ ಒಂದು ಸಣ್ಣ ಉಬ್ಬು ಬಂತು. ಕಿವಿಗೆ ಸದ್ದು ಹೆಚ್ಚಿಸುವ ಮಷೀನು ಹಾಕಿ ಈಗಿನಿಂದಲೇ ಕಲಿಸಿದರೆ ಆ ಉಬ್ಬಿನ ಆಧಾರದ ಮೇಲೆ ಮಾತು ಬರಬಹುದು ಎಂದರು. ಬರುತ್ತದೆ ಎನ್ನಲಿಲ್ಲ, ಬರಬಹುದು ಎಂದರು. ಹೆಚ್ಚಿನವರು ಮೂರು ವರ್ಷವಾದ ಮೇಲೆ ಮಾತಿಲ್ಲ ಎಂದು ತರುತ್ತಾರಂತೆ. ಇಷ್ಟು ಬೇಗ ಹೇಗೆ ಗೊತ್ತಾಯಿತು ಎಂದು ಅವರು ನನ್ನನ್ನು ಕೇಳಿದರೆ, ಅತ್ತೆ ನಡುವೆ ಬಂದು, "ಮನ್ಯಾಗ ಕೌದಿ ಕಟ್ಟಿ ನೋಡಿದ್ವಿರಿ. ನಮ್ಮ ಸೊಸಿ ಗಾಳಿ ಕಲ್ತಾಳ" ಅಂದರು. ಡಾಕ್ಟರಿಗೆ ಏನು ತಿಳಿಯಿತೋ, ಭಕ್ತಿಯಿಂದ ತಲೆಯಾಡಿಸಿದರು.

ಎಡಗಿವಿಗೆ ಮಷೀನು ಮುಂದಿನ ತಿಂಗಳು ಬರುತ್ತದೆ. ವಾರಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಿ ಕಲಿಸುವುದನ್ನು ನಾನು ಕಲಿಯಬೇಕು. ಅಡಿವೆಯ್ಯ ಸರ್ ನನ್ನ ಜಾಗವನ್ನು ಇನ್ನೂ ಇಟ್ಟುಕೊಂಡಿದ್ದಾರೆ ಎಂದು ಬರೆದಿದ್ದೀ. ಬೇರೆಯವರನ್ನು ತೆಗೆದುಕೊಳ್ಳಲು ಹೇಳು. ಇದನ್ನು ಬರೆಯಲು ಕಷ್ಟವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಒಂದು ಆಸೆ ಮಾತ್ರ ಇದೆ. ಆ ಕೋಣೆಯಲ್ಲಿ ಯಾರೂ ಇಲ್ಲದಾಗ ಒಮ್ಮೆ ದೀಪ ಆರಿಸಿ ನನಗಾಗಿ ಕೂತು ಬಾ.

ಅತ್ತೆ ಕೇಳಿದ್ದನ್ನು ಬರೆಯುತ್ತೇನೆಂದಿದ್ದೆ. ನಿಮ್ಮ ಬೆಂಗಳೂರಿನ ಕೋಣೆಗೆ ಎಷ್ಟು ಕೌದಿ ಹತ್ತುತ್ತವೆ, ಬೇಕಿದ್ದರೆ ಹೊಲಿದು ಕೊಡುತ್ತೇನೆ ಎಂದರು. ತಮಾಷೆಯಲ್ಲ, ನಿಜವಾಗಿ ಕೇಳಿದ್ದು. ಮೊರ ಅಡುಗೆಮನೆಯ ಮೊಳೆಗೆ ಮರಳಿದೆ.

ನಿನ್ನ ಸುರಂಗ ಸುಮ್ಮನಿರಲಿ, ಫ್ಯಾನು ಕೆಡದಿರಲಿ, ಹೊತ್ತಿಗೆ ಸರಿಯಾಗಿ ಊಟ ಮಾಡುವ ಬುದ್ಧಿ ನಿನಗೆ ಬರಲಿ. ತಾಂಡಾಕ್ಕೆ ಬಂದಾಗ ದಾಂಡೇಲಿಯ ಬಸ್ಸು ಹತ್ತು. ಗಂಗಾಳಿಗೆ ಹೊಸ ಮುಖ ಎಂದರೆ ಬಲು ಆಸೆ. ಅತ್ತೆ ನಿನಗೆ ತಮ್ಮ ಆಶೀರ್ವಾದ ಬರೆಯಲು ಹೇಳಿದ್ದಾರೆ.

ನಿನ್ನ
ಸಹನಾ

ಮರೆತದ್ದು: ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ನಾನು ಗಂಗಾಳ ಕೆನ್ನೆಗೆ ಬಾಯಿ ಹಚ್ಚಿ "ಗಂಗವ್ವಾ" ಎಂದು ಕರೆಯುತ್ತೇನೆ. ಕಣ್ಣು ಮುಚ್ಚಿಕೊಂಡೇ ನಗುತ್ತಾಳೆ. ಅಷ್ಟು ತಿಂಗಳು ಆ ನಗು ನನ್ನ ದನಿಗೆ ಎಂದುಕೊಂಡಿದ್ದೆ. ಭೋಂಗಾ, ಮೊರ, ತಾಟು, ಗಂಟೆ ಎಲ್ಲವನ್ನೂ ಅನುಮಾನಿಸಿದೆ, ಅದೊಂದನ್ನು ಅನುಮಾನಿಸಲಿಲ್ಲ. ಆ ದಿನ ಗಂಟೆ ಬಾರಿಸುವ ಮೊದಲು ಅಡ್ಡ ಕೌದಿಯ ಹಿಂದೆ ನಿಂತು ಅವಳ ಹೆಸರು ಕರೆಯಬೇಕು ಎಂದು ಬಾಯಿ ತೆರೆದೆ, ಆಗಲಿಲ್ಲ. ಅದಕ್ಕೇ ಗಂಟೆ ಹಿಡಿದದ್ದು. ಅವಳು ನಗುವುದು ನನ್ನ ಉಸಿರಿಗೆ, ತುಳಜಾ. ಅವಳು ಒಮ್ಮೆಯೂ ತನ್ನ ಹೆಸರು ಕೇಳಿಲ್ಲ. ಗೊತ್ತಿದ್ದೂ ಇವತ್ತೂ ಹಾಗೇ ಕರೆದೆ, ನಕ್ಕಳು. ಮಷೀನು ಬಂದ ಮೇಲೂ ಮೊದಲು ಹೀಗೆ ಕರೆದು, ಆಮೇಲೆ ಅದನ್ನು ಹಚ್ಚುತ್ತೇನೆ. ಸರ್‌ಗೆ ಹೇಳಬೇಡ. ಈ ಒಂದು ಮೈಕನ್ನು ನಾನು ಗಾಳಿಯೊಳಗೇ ಬಿಟ್ಟಿದ್ದೇನೆ.